ಎರರೂ ಇಲ್ಲ, ಆಪೂ ಇಲ್ಲ: ಒಂದು 404ರ ಹಿಂದೆ ಬಿದ್ದ ಕತೆ

ಗುರುವಾರ ಸಂಜೆ ನಮ್ಮ ಆಪಿನ ಹೊಸ ವಾರ್ ಫೈಲನ್ನು, ಅಂದರೆ ಇಡೀ ಜಾವಾ ವೆಬ್ ಆಪನ್ನು ಕಟ್ಟಿಟ್ಟ ಒಂದೇ ಫೈಲನ್ನು, ಟೆಸ್ಟ್ ಸರ್ವರಿಗೆ ಹಾಕಿದೆವು. ಡಿಪ್ಲಾಯ್ ಮುಗಿಯಿತು, ಅಂದರೆ ಆಪ್ ಹಾಕಿಯಾಯಿತು, ಅಂತ ಟಾಮ್‌ಕ್ಯಾಟಿನ (ಇಂಥ ಆಪುಗಳನ್ನು ಓಡಿಸುವ ಸರ್ವರ್ ಸಾಫ್ಟ್‌ವೇರ್) ಲಾಗ್ ಫೈಲಿನಲ್ಲಿ ಬಂತು. ಬ್ರೌಸರ್ ತೆಗೆದು ನೋಡಿದರೆ 404, ಪುಟ ಸಿಗಲಿಲ್ಲ ಅಂತ. ಲಾಗಿನಲ್ಲಿ ಒಂದು ಎರರ್ ಇಲ್ಲ, ಒಂದು ವಾರ್ನಿಂಗ್ ಇಲ್ಲ. ಎಲ್ಲಾ ಸರಿಯಾಗಿದೆ ಅನ್ನೋ ಥರ ಸುಮ್ನೆ ಕೂತಿದೆ ಸರ್ವರ್. ಏನಾಗಿದೆ ಅಂತ ಗೊತ್ತಾಗೋಕೆ ನನಗೆ ಶನಿವಾರ ರಾತ್ರಿಯಾಯಿತು. ಗೊತ್ತಾದ ಮೇಲೆ ನೋಡಿದರೆ ಎರಡು ನಿಮಿಷದ ವಿಷಯ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮದು ಮೈಸೂರಿನಲ್ಲಿ ಎಂಟು ಜನರ ಆಫೀಸು. ನಂಜನಗೂಡಿನ ಒಂದು ಬಿಡಿಭಾಗಗಳ ಗೋಡೌನಿಗೆ ಸ್ಟಾಕ್ ಲೆಕ್ಕ ಇಡುವ ಆಪ್ ಮಾಡಿಕೊಟ್ಟಿದ್ದೇವೆ. ಬರೆದದ್ದು ಸ್ಪ್ರಿಂಗ್ ಬೂಟ್ 2.7 ಅನ್ನುವ ಜಾವಾ ಫ್ರೇಮ್‌ವರ್ಕಿನಲ್ಲಿ, ಪುಟಗಳೆಲ್ಲ ಜೆಎಸ್‌ಪಿ (ಎಚ್‌ಟಿಎಂಎಲ್ ಒಳಗೇ ಜಾವಾ ಬೆರೆಸುವ ಪುಟ), ಓಡುತ್ತಿದ್ದದ್ದು ಟಾಮ್‌ಕ್ಯಾಟ್ 9ರಲ್ಲಿ. ವರ್ಷಗಟ್ಟಲೆ ಯಾರೂ ಮುಟ್ಟದೆ ಚೆನ್ನಾಗೇ ನಡೆಯುತ್ತಿತ್ತು. ಆಮೇಲೆ ಅವರ ಕಡೆ ಸೆಕ್ಯುರಿಟಿ ಆಡಿಟ್ ಆಯಿತು. 2.7ಕ್ಕೆ ಉಚಿತ ಸಪೋರ್ಟ್ 2023ರ ನವೆಂಬರಿಗೇ ಮುಗಿದಿದೆ, 3ಕ್ಕೆ ಹೋಗಿ ಅಂತ ವರದಿಯಲ್ಲಿ ಬರೆದರು. ಕೆಲಸ ನನ್ನ ತಲೆಗೆ ಬಂತು.

ಲ್ಯಾಪ್‌ಟಾಪಿನಲ್ಲಿ ಒಂದು ವಾರ ಹಿಡಿಯಿತು. ಜಾವಾ 17 ಹಾಕಿಕೊಂಡೆ, ಬೂಟ್ 3ಕ್ಕೆ ಅದಕ್ಕಿಂತ ಕಮ್ಮಿ ಆಗೋದಿಲ್ಲ. ಲಾಗಿನ್ ಕಾನ್ಫಿಗರೇಶನ್ನಿಗೆ ನಾವು ಎಕ್ಸ್‌ಟೆಂಡ್ ಮಾಡಿಕೊಂಡಿದ್ದ ಕ್ಲಾಸನ್ನು ಸ್ಪ್ರಿಂಗ್ ಸೆಕ್ಯುರಿಟಿ 6ರಲ್ಲಿ ಕಿತ್ತೇ ಹಾಕಿದ್ದಾರೆ, ಅದನ್ನು ಬೇರೆ ಥರ ಬರೆದೆ. ಜೆಎಸ್‌ಪಿ ಟ್ಯಾಗುಗಳ ಹಳೆ ಜಾರ್ (ಲೈಬ್ರರಿ ಕಟ್ಟಿಟ್ಟ ಫೈಲ್) ತೆಗೆದು ಹೊಸದು ಹಾಕಿದೆ. ಆಮೇಲೆ ಎಲ್ಲರೂ ಹೇಳುವ ಆ ದೊಡ್ಡ ಬದಲಾವಣೆ: ಕೋಡಿನ ತುಂಬಾ ಜಾವಾಎಕ್ಸ್ ಡಾಟ್ ಸರ್ವ್ಲೆಟ್ (ವೆಬ್ ಕೋರಿಕೆಗಳನ್ನು ನಿಭಾಯಿಸುವ ಕ್ಲಾಸುಗಳ ಪ್ಯಾಕೇಜು, ಅಂದರೆ ಗುಂಪಿನ ಹೆಸರು) ಅಂತ ಇದ್ದದ್ದೆಲ್ಲ ಜಕಾರ್ತಾ ಡಾಟ್ ಸರ್ವ್ಲೆಟ್ ಆಗಬೇಕು. ನಾನು ಜಾಣತನ ಮಾಡಿ ಇಡೀ ಪ್ರಾಜೆಕ್ಟಿಗೆ ಒಂದೇ ಏಟಿಗೆ ಹುಡುಕಿ-ಬದಲಿಸು ಒತ್ತಿಬಿಟ್ಟೆ. ಇನ್ನೂರು ಚಿಲ್ಲರೆ ಎರರ್ ಬಂತು. ಯಾಕಂದರೆ ಎಲ್ಲಾ ಜಾವಾಎಕ್ಸ್ ಬದಲಾಗಿಲ್ಲ. ಡೇಟಾಬೇಸಿನ ಜಾವಾಎಕ್ಸ್ ಡಾಟ್ ಎಸ್‌ಕ್ಯೂಎಲ್, ಗೂಢಲಿಪಿಯ ಕ್ರಿಪ್ಟೋ, ಹೆಸರು ಹುಡುಕುವ ನೇಮಿಂಗ್, ನೆಟ್ ಡಾಟ್ ಎಸ್‌ಎಸ್‌ಎಲ್, ಇವೆಲ್ಲ ಜಾವಾ ಜೊತೆಗೇ ಬರುವವು, ಅವಕ್ಕೆ ಹಳೆ ಹೆಸರೇ. ಟ್ರಾನ್ಸಾಕ್ಷನ್ನಿನದಂತೂ ಇನ್ನೂ ತಮಾಷೆ. ಮೇಲಿನ ಪ್ಯಾಕೇಜ್ ಜಕಾರ್ತಾ ಆಗಿದೆ, ಅದರ ಕೆಳಗಿನ ಎಕ್ಸ್‌ಎ ಮಾತ್ರ ಜಾವಾಎಕ್ಸಿನಲ್ಲೇ ಉಳಿದಿದೆ. ಅಣ್ಣತಮ್ಮಂದಿರು ಮನೆ ಭಾಗ ಮಾಡಿಕೊಂಡಾಗ ಒಂದು ಕೋಣೆ ಮಾತ್ರ ಹಳೆ ಖಾತೆಯಲ್ಲೇ ಉಳಿದ ಹಾಗೆ. ಒಂದೊಂದಾಗಿ ವಾಪಸ್ ಹಾಕಿದೆ.

ಈ ಹೆಸರು ಯಾಕೆ ಬದಲಾಯಿತು ಅಂತ ಆವಾಗ ನಾನು ಕೇಳಲೇ ಇಲ್ಲ. ಎಡಿಟರ್ ಕೆಂಪು ಗೆರೆ ಎಳೆಯಿತು, ನಾನು ಬದಲಿಸಿದೆ, ಗೆರೆ ಹೋಯಿತು. ಇದು ಕೋಡಿನ ಒಳಗಿನ ವಿಷಯ ಅಂದುಕೊಂಡುಬಿಟ್ಟೆ. ಸರ್ವರ್ ಕೂಡ ಅದೇ ಹೆಸರನ್ನು ಓದುತ್ತದೆ ಅನ್ನೋದು ತಲೆಗೇ ಹೋಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮಾಡಿ ಓಡಿಸಿದೆ, ಪುಟಗಳೆಲ್ಲ ಬಂದವು, ಖುಷಿಯಾಗಿ ಗುರುವಾರ ಡಿಪ್ಲಾಯ್ ಮಾಡೋಣ ಅಂದೆ.

ನಮ್ಮ ಸರ್ವರುಗಳನ್ನು ನೋಡಿಕೊಳ್ಳುವವರು ನಮಗೆಲ್ಲರಿಗಿಂತ ಹಿರಿಯರು, ಆಫೀಸಿನಲ್ಲಿ ಎಲ್ಲರೂ ಅಣ್ಣ ಅಂತಲೇ ಕರೆಯೋದು. ಶುಕ್ರವಾರ ಬೆಳಿಗ್ಗೆ ಅವರೇ ಬಂದರು.

"ಏನಪ್ಪಾ, ನಿನ್ನ ಆಪು ಬಂದಿದೆ ಅಂತ ಲಾಗ್ ಹೇಳುತ್ತೆ, ನೋಡಿದರೆ ಇಲ್ಲ?"

"ಅಣ್ಣ, ಜಾವಾ ಯಾವುದಿದೆ ನೋಡ್ತೀರಾ?"

"ಹದಿನೇಳೇ ಇದೆ ಮಾರಾಯ. ನೀನೇ ಹೇಳಿದ್ಯಲ್ಲ, ಹೋದ ವಾರಾನೇ ಹಾಕಿದ್ದೀನಿ."

ನಂಬದೆ ನಾನೂ ನೋಡಿದೆ. ಟಾಮ್‌ಕ್ಯಾಟ್ ಶುರುವಾಗುವಾಗ ಲಾಗಿನ ಮೊದಲ ಹತ್ತಿಪ್ಪತ್ತು ಸಾಲಿನಲ್ಲಿ ತಾನು ಯಾವ ಜಾವಾ ಮೇಲೆ ನಿಂತಿದ್ದೇನೆ ಅಂತ ಹೇಳುತ್ತದೆ. ಟರ್ಮಿನಲ್ಲಿನಲ್ಲಿ ಕೇಳಿದರೆ ಬರುವ ಉತ್ತರ ನಂಬಬೇಡಿ, ಸರ್ವಿಸ್ ಫೈಲಿನಲ್ಲಿ ಬೇರೆ ದಾರಿ ಕೊಟ್ಟಿರಬಹುದು. ಇಲ್ಲಿ ಎರಡೂ 17.

ಶುಕ್ರವಾರ ಇಡೀ ದಿನ ಹೋಯಿತು. ವಾರ್ ಫೈಲಿನ ಹೆಸರಲ್ಲಿ ದೊಡ್ಡಕ್ಷರ ಇದೆಯಾ ಅಂತ ನೋಡಿದೆ. ಟಾಮ್‌ಕ್ಯಾಟಿನ ಮುಂದೆ ಕೋರಿಕೆಗಳನ್ನು ದಾಟಿಸಲು ಇರುವ ಎಂಜಿನ್‌ಎಕ್ಸ್ ಬಿಟ್ಟು ನೇರ ಪೋರ್ಟಿಗೇ ಹೋಗಿ ನೋಡಿದೆ. ಫೈಲಿನ ಪರ್ಮಿಷನ್ ನೋಡಿದೆ. ಹೊರಗಿನ ಟಾಮ್‌ಕ್ಯಾಟಿಗೆ ಹಾಕುವಾಗ ಮೇನ್ ಕ್ಲಾಸು ಸ್ಪ್ರಿಂಗ್ ಬೂಟಿನ ಸರ್ವ್ಲೆಟ್ ಇನಿಷಿಯಲೈಜರನ್ನು ಎಕ್ಸ್‌ಟೆಂಡ್ ಮಾಡಿರಬೇಕು, ಇಂಥ ತೊಂದರೆಗೆ ಎಲ್ಲರೂ ಮೊದಲು ಹೇಳುವ ಉತ್ತರವೇ ಅದು. ಅದೂ ಇತ್ತು. ಟಾಮ್‌ಕ್ಯಾಟ್ ಸ್ಟಾರ್ಟರಿಗೆ ಪ್ರೊವೈಡೆಡ್, ಅಂದರೆ ಸರ್ವರ್ ಕಡೆಯಿಂದಲೇ ಸಿಗುತ್ತದೆ, ಅಂತ ಹಾಕಿರಬೇಕು, ಹಾಕಿದ್ದೆ. ವರ್ಕ್ ಫೋಲ್ಡರ್ ಅಳಿಸಿ ಮತ್ತೆ ಶುರು ಮಾಡಿದೆ. ಸರ್ವರನ್ನೇ ರೀಬೂಟ್ ಮಾಡಿಸಿದೆ, ಅದು ನಾಚಿಕೆಯ ವಿಷಯ, ಆದರೂ ಮಾಡಿಸಿದೆ.

ಸಂಜೆ ಇನ್ನೊಂದು ಮಾಡಿದೆ, ಅದರಿಂದ ತಲೆ ಪೂರ್ತಿ ಕೆಟ್ಟಿತು. ಅದೇ ಸರ್ವರಿನಲ್ಲಿ ಅದೇ ವಾರ್ ಫೈಲನ್ನು ವೆಬ್‌ಆಪ್ಸ್ ಫೋಲ್ಡರಿನಿಂದ ಈಚೆ ತೆಗೆದು ಜಾವಾ ಕಮಾಂಡಿನಿಂದ ನೇರವಾಗಿ 8081ನೇ ಪೋರ್ಟಿನಲ್ಲಿ ಓಡಿಸಿದೆ. ಓಡಿತು! ಲಾಗಿನ್ ಪುಟ ಬಂತು, ಸ್ಟಾಕ್ ಪಟ್ಟಿ ಬಂತು. ಅದೇ ಫೈಲು, ಅದೇ ಮಷೀನು, ಅದೇ ಜಾವಾ, ಅದೇ ಡೇಟಾಬೇಸು. ವಾಪಸ್ ಟಾಮ್‌ಕ್ಯಾಟಿಗೆ ಹಾಕಿದರೆ 404. ಅಣ್ಣ ಪಕ್ಕದಲ್ಲಿ ನಿಂತು ನೋಡಿ, "ನಿನ್ನ ಆಪಿಗೂ ನನ್ನ ಟಾಮ್‌ಕ್ಯಾಟಿಗೂ ಜಾತಕ ಕೂಡ್ತಿಲ್ಲ ಕಣೋ" ಅಂದು ಕಾಫಿಗೆ ಹೋದರು. ನಾನು ನಕ್ಕೆ. ಅವರು ಹೇಳಿದ್ದೇ ನಿಜ ಅಂತ ಮರುದಿನ ಗೊತ್ತಾಯಿತು.

ಶನಿವಾರ ಮನೆಯಲ್ಲಿ ಕೂತು ಬೇರೆ ಥರ ಶುರು ಮಾಡಿದೆ. ಎರರ್ ಹುಡುಕುವುದು ಬಿಟ್ಟೆ. ಹಳೆ ಆಪ್ ಸರಿಯಾಗಿ ಎದ್ದ ದಿನದ ಲಾಗನ್ನೂ ಈಗಿನ ಲಾಗನ್ನೂ ಅಕ್ಕಪಕ್ಕ ಇಟ್ಟುಕೊಂಡೆ. ಹಳೆಯದರಲ್ಲಿ ಡಿಪ್ಲಾಯ್ ಮುಗಿಯಲು 21 ಸೆಕೆಂಡ್. ಹೊಸದರಲ್ಲಿ 4. ಶುಕ್ರವಾರ ಇದೇ ಸಾಲನ್ನು ಹತ್ತು ಸಲ ಓದಿದ್ದೆ, ಬೇಗ ಆಯಿತಲ್ಲ, ಹೊಸ ಆವೃತ್ತಿ ಚುರುಕಾಗಿದೆ ಅಂದುಕೊಂಡಿದ್ದೆ! ಇನ್ನೊಂದು, ಸ್ಪ್ರಿಂಗ್ ಬೂಟ್ ಏಳುವಾಗ ಅಕ್ಷರಗಳಲ್ಲೇ ಬಿಡಿಸಿದ ಆ ದೊಡ್ಡ ಹೆಸರಿನ ಚಿತ್ರ ಲಾಗಿನಲ್ಲಿ ಬರುತ್ತದಲ್ಲ, ಹೊಸ ಲಾಗಿನಲ್ಲಿ ಅದು ಇಲ್ಲ. ಅಂದರೆ ಸ್ಪ್ರಿಂಗ್ ಎದ್ದು ಬಿದ್ದದ್ದಲ್ಲ. ಅದು ಎದ್ದೇ ಇಲ್ಲ. ಅದನ್ನು ಯಾರೂ ಎಬ್ಬಿಸಿಯೇ ಇಲ್ಲ.

ಖಾತ್ರಿ ಮಾಡಿಕೊಳ್ಳೋಕೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಸರ್ವರಿನಲ್ಲಿ ಟಾಮ್‌ಕ್ಯಾಟ್ ಬಿಚ್ಚಿಟ್ಟಿದ್ದ ನಮ್ಮ ಆಪಿನ ಫೋಲ್ಡರಿನೊಳಗೆ ಒಂದು ಟೆಕ್ಸ್ಟ್ ಫೈಲ್ ಇಟ್ಟೆ, ಒಳಗೆ "ನಮಸ್ಕಾರ" ಅಂತ ಒಂದೇ ಪದ. ಬ್ರೌಸರಿನಲ್ಲಿ ಅದರ ವಿಳಾಸ ಹೊಡೆದೆ. ನಮಸ್ಕಾರ ಅಂತ ಬಂತು. ಅಂದರೆ ಟಾಮ್‌ಕ್ಯಾಟ್ ಪ್ರಕಾರ ಆಪ್ ಡಿಪ್ಲಾಯ್ ಆಗಿದೆ, ಲಾಗ್ ಸುಳ್ಳು ಹೇಳಿಲ್ಲ. ಆದರೆ ಅದಕ್ಕೆ ಈ ಆಪ್ ಒಂದಷ್ಟು ಫೈಲುಗಳಿರುವ ಫೋಲ್ಡರು, ಅಷ್ಟೇ.

ಆಮೇಲೆ ವಾರ್ ಫೈಲಿನ ಒಳಗೆ ಏನೇನಿದೆ ಅಂತ ಪಟ್ಟಿ ತೆಗೆದೆ. ಬೂಟ್ ಮಾಡುವ ವಾರಿನಲ್ಲಿ ಎರಡು ಲೈಬ್ರರಿ ಫೋಲ್ಡರ್ ಇರುತ್ತವೆ, ಒಂದು ಲಿಬ್, ಇನ್ನೊಂದು ಲಿಬ್-ಪ್ರೊವೈಡೆಡ್. ಎರಡನೆಯದು ನೇರವಾಗಿ ಓಡಿಸಿದಾಗ ಮಾತ್ರ ಬಳಕೆಗೆ ಬರುತ್ತದೆ. ಹೊರಗಿನ ಟಾಮ್‌ಕ್ಯಾಟ್ ಅದನ್ನು ತಿರುಗಿಯೂ ನೋಡುವುದಿಲ್ಲ. ಅಲ್ಲಿ ಕೂತಿತ್ತು: ಟಾಮ್‌ಕ್ಯಾಟ್ ಎಂಬೆಡ್ ಕೋರ್, 10.1.

ಹತ್ತು? ನಮ್ಮದು ಒಂಬತ್ತು ಅಲ್ವಾ!

ನೇರವಾಗಿ ಓಡಿಸಿದಾಗ ಆಪ್ ತನ್ನ ಹೊಟ್ಟೆಯಲ್ಲಿರುವ 10.1ನ್ನು ಬಳಸಿಕೊಂಡು ಓಡುತ್ತಿತ್ತು. ಲ್ಯಾಪ್‌ಟಾಪಿನಲ್ಲೂ ಅದೇ. ಹೊರಗೆ ಹಾಕಿದಾಗ ಮಾತ್ರ ಅಣ್ಣನ 9 ಸಿಗುತ್ತಿತ್ತು. ಇಷ್ಟು ದಿನ ನಾನು ಎರಡು ಬೇರೆ ಬೇರೆ ಟಾಮ್‌ಕ್ಯಾಟುಗಳನ್ನು ಒಂದೇ ಅಂದುಕೊಂಡು ಹೋಲಿಸುತ್ತಿದ್ದೆ.

ಎರರ್ ಯಾಕೆ ಬರಲಿಲ್ಲ ಅನ್ನೋದು ಇನ್ನೂ ಉಳಿದಿತ್ತು. ಸ್ಪ್ರಿಂಗ್ ವೆಬ್ ಜಾರ್ ಬಿಚ್ಚಿದೆ. ಅದರೊಳಗೆ ಮೆಟಾ-ಇನ್ಫ್, ಅದರೊಳಗೆ ಸರ್ವಿಸಸ್ ಅಂತ ಫೋಲ್ಡರು, ಅಲ್ಲೊಂದು ಚಿಕ್ಕ ಫೈಲು. ಫೈಲಿನ ಹೆಸರೇ ಮುಖ್ಯ: ಜಕಾರ್ತಾ ಡಾಟ್ ಸರ್ವ್ಲೆಟ್ ಡಾಟ್ ಸರ್ವ್ಲೆಟ್ ಕಂಟೇನರ್ ಇನಿಷಿಯಲೈಜರ್. ಒಳಗೆ ಒಂದೇ ಸಾಲು, ಸ್ಪ್ರಿಂಗಿನ ಯಾವ ಕ್ಲಾಸನ್ನು ಎಬ್ಬಿಸಬೇಕು ಅಂತ. ಟಾಮ್‌ಕ್ಯಾಟ್ ಆಪ್ ಶುರು ಮಾಡುವಾಗ ಪ್ರತಿ ಜಾರಿನಲ್ಲೂ ಈ ಹೆಸರಿನ ಫೈಲ್ ಹುಡುಕುತ್ತದೆ. ಆದರೆ ಟಾಮ್‌ಕ್ಯಾಟ್ 9 ಹುಡುಕುವುದು ಜಾವಾಎಕ್ಸ್ ಅಂತ ಶುರುವಾಗುವ ಹೆಸರನ್ನು. ಹಾಜರಿ ಪುಸ್ತಕದಲ್ಲಿ ಹಳೆ ಹೆಸರಿದೆ, ಮೇಷ್ಟ್ರು ಅದನ್ನೇ ಕೂಗಿದರು, ಹುಡುಗ ಹೆಸರು ಬದಲಿಸಿಕೊಂಡಿದ್ದಾನೆ, ಕೈ ಎತ್ತಲಿಲ್ಲ. ಮೇಷ್ಟ್ರು ಮುಂದಿನ ಹೆಸರಿಗೆ ಹೋದರು. ಇಂಥ ಫೈಲ್ ಇಲ್ಲದ ಆಪ್ ಇರುವುದು ತಪ್ಪೇನೂ ಅಲ್ಲ, ಬರೀ ಎಚ್‌ಟಿಎಂಎಲ್ ಪುಟಗಳಿರುವ ಆಪಿನಲ್ಲಿ ಅದು ಇರುವುದೇ ಇಲ್ಲ. ಹಾಗಾಗಿ ಟಾಮ್‌ಕ್ಯಾಟಿಗೆ ದೂರಲು ಏನೂ ಇಲ್ಲ. ಉಲ್ಟಾ ಮಾಡಿದರೂ ಇದೇ ಕತೆ. ಬೂಟ್ 2.7ರ ವಾರನ್ನು ಟಾಮ್‌ಕ್ಯಾಟ್ 10ಕ್ಕೆ ಹಾಕಿ ನೋಡಿ, ಅದೇ ಮೌನ, ಅದೇ 404.

ಹೆಸರು ಯಾಕೆ ಬದಲಾಯಿತು ಅಂತ ಆ ರಾತ್ರಿ ಕೊನೆಗೂ ಓದಿದೆ. 2017ರಲ್ಲಿ ಒರಾಕಲ್ ಜಾವಾ ಇಇಯನ್ನು (ಸರ್ವ್ಲೆಟ್ ಥರದ ಸರ್ವರ್ ಕಡೆಯ ಜಾವಾ ನಿಯಮಗಳ ಗುಂಪು) ಎಕ್ಲಿಪ್ಸ್ ಫೌಂಡೇಶನ್ ಅನ್ನುವ ಓಪನ್ ಸೋರ್ಸ್ ಸಂಸ್ಥೆಗೆ ಕೊಡುವುದಾಗಿ ಹೇಳಿತು. ಕೋಡ್ ಕೊಟ್ಟರು, ಆದರೆ ಜಾವಾ ಅನ್ನುವ ಹೆಸರು ಒರಾಕಲ್‌ದೇ. 2018ರಲ್ಲಿ ವೋಟ್ ಹಾಕಿಸಿ ಜಕಾರ್ತಾ ಇಇ ಅಂತ ಹೆಸರಿಟ್ಟರು. ಜಾವಾಎಕ್ಸ್ ಅಂತ ಶುರುವಾಗುವ ಪ್ಯಾಕೇಜುಗಳನ್ನು ಅದೇ ಹೆಸರಲ್ಲಿ ಬೆಳೆಸುವಂತಿಲ್ಲ ಅಂತ 2019ರಲ್ಲಿ ಖಚಿತವಾಯಿತು. 2020ರ ಡಿಸೆಂಬರಿನಲ್ಲಿ ಬಂದ ಜಕಾರ್ತಾ ಇಇ 9ರಲ್ಲಿ ಎಲ್ಲಾ ಹೆಸರನ್ನೂ ಒಂದೇ ಸಲ ಬದಲಿಸಿಬಿಟ್ಟರು. ಟಾಮ್‌ಕ್ಯಾಟ್ 9 ಹಳೆ ಹೆಸರಿನ ಕಡೆಯ ಆವೃತ್ತಿ, 10ರಿಂದ ಹೊಸದು. ಸ್ಪ್ರಿಂಗ್ 6, ಬೂಟ್ 3 ಎರಡೂ 2022ರ ನವೆಂಬರಿನಲ್ಲಿ ಹೊಸ ದಡಕ್ಕೆ ಹಾರಿದವು. ವೈಲ್ಡ್‌ಫ್ಲೈ ಅನ್ನುವ ಇನ್ನೊಂದು ಜಾವಾ ಸರ್ವರ್ ಕೂಡ ಅದೇ ತಿಂಗಳು ತನ್ನ 27ನೇ ಆವೃತ್ತಿಯಲ್ಲಿ ದಾಟಿತು. ಅಂದಹಾಗೆ ಟಾಮ್‌ಕ್ಯಾಟಿಗೆ ಜಕಾರ್ತಾ ಹೊಸ ಹೆಸರೇನಲ್ಲ. ಟಾಮ್‌ಕ್ಯಾಟ್ ಮಾಡುವ ಅಪಾಚೆ ಸಂಸ್ಥೆಯಲ್ಲಿ ಅದು ಮೊದಲು ಬೆಳೆದದ್ದೇ ಜಕಾರ್ತಾ ಅನ್ನುವ ಪ್ರಾಜೆಕ್ಟಿನ ಕೆಳಗೆ. ಜಕಾರ್ತಾ ಊರು ಇರುವುದೂ ಜಾವಾ ದ್ವೀಪದಲ್ಲೇ. ಹೆಸರಿಡುವವರಿಗೆ ರಸಿಕತೆ ಇದೆ, ಲಾಗ್ ಬರೆಯುವವರಿಗೂ ಅಷ್ಟೇ ಇದ್ದಿದ್ದರೆ ನನ್ನ ಶನಿವಾರ ಉಳಿಯುತ್ತಿತ್ತು.

ಸೋಮವಾರ ಅಣ್ಣನಿಗೆ ಹೇಳಿದೆ, ಟಾಮ್‌ಕ್ಯಾಟ್ 10.1 ಬೇಕು. 10.0 ಅಲ್ಲ, ಅದನ್ನು 2022ರಲ್ಲೇ ನಿಲ್ಲಿಸಿದ್ದಾರೆ. ಅವರು ಕೇಳಿದ ಮೊದಲ ಪ್ರಶ್ನೆ, "ರಿಪೋರ್ಟ್ ಆಪಿನ ಗತಿ?" ಅದು ಅದೇ ಟಾಮ್‌ಕ್ಯಾಟಿನಲ್ಲಿರುವ ಇನ್ನೊಂದು ಹಳೆ ಆಪ್, ಅದನ್ನು ಮುಟ್ಟೋಕೆ ಯಾರಿಗೂ ಧೈರ್ಯವಿಲ್ಲ. ಇದಕ್ಕೆ ಟಾಮ್‌ಕ್ಯಾಟ್ 10ರಲ್ಲಿ ಒಂದು ಒಳ್ಳೆ ದಾರಿ ಇದೆ. ವೆಬ್‌ಆಪ್ಸ್-ಜಾವಾಇಇ ಅಂತ ಒಂದು ಫೋಲ್ಡರ್ ಮಾಡಿ ಹಳೆ ವಾರನ್ನು ಅಲ್ಲಿ ಇಟ್ಟರೆ, ಅದೇ ಒಳಗಿನ ಹೆಸರುಗಳನ್ನೆಲ್ಲ ಬದಲಿಸಿ ವೆಬ್‌ಆಪ್ಸಿಗೆ ಹಾಕಿಕೊಳ್ಳುತ್ತದೆ. ರಿಪೋರ್ಟ್ ಆಪ್ ಹಾಗೇ ಎದ್ದಿತು, ಒಂದು ಸಾಲು ಕೋಡ್ ಬರೆಯದೆ. ಅಣ್ಣನ ಮುಖ ನೋಡಬೇಕಿತ್ತು.

ನಮ್ಮ ಆಪ್ ಈ ಸಲ ಎರರ್ ಕೊಟ್ಟಿತು. ಎಷ್ಟು ಸಂತೋಷವಾಯಿತು ಅಂದರೆ! ಫಿಲ್ಟರ್ ಶುರುವಾಗಲಿಲ್ಲ, ಜಾವಾಎಕ್ಸ್ ಡಾಟ್ ಸರ್ವ್ಲೆಟ್ ಡಾಟ್ ಫಿಲ್ಟರ್ ಸಿಗಲಿಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. ನನಗಿಂತ ಮುಂಚೆ ಈ ಆಪ್ ನೋಡಿಕೊಳ್ಳುತ್ತಿದ್ದವರು ವೆಬ್ ಡಾಟ್ ಎಕ್ಸ್‌ಎಂಎಲ್ ಅನ್ನುವ ಸೆಟ್ಟಿಂಗ್ ಫೈಲಿನ ಒಳಗೆ ಒಂದು ಐಪಿ ಫಿಲ್ಟರ್ ಸೇರಿಸಿದ್ದರು, ಗೋಡೌನಿನ ನೆಟ್‌ವರ್ಕ್ ಬಿಟ್ಟು ಬೇರೆ ಕಡೆಯಿಂದ ಬಂದರೆ ತಡೆಯೋದಕ್ಕೆ. ಅದರ ಜಾರ್ ಇದೆ, ಸೋರ್ಸ್ ಇಲ್ಲ. ನೇರವಾಗಿ ಓಡಿಸಿದಾಗ ವೆಬ್ ಡಾಟ್ ಎಕ್ಸ್‌ಎಂಎಲ್ ಓದುವುದೇ ಇಲ್ಲವಾದ್ದರಿಂದ ಲ್ಯಾಪ್‌ಟಾಪಿನಲ್ಲಿ ಇದು ಕಾಣಿಸಿರಲಿಲ್ಲ. ಟಾಮ್‌ಕ್ಯಾಟಿನವರೇ ಕೊಡುವ ಮೈಗ್ರೇಷನ್ ಟೂಲ್ ಇದೆ, ಅದಕ್ಕೆ ಹಳೆ ಜಾರಿನ ಹೆಸರು ಮತ್ತು ಹೊಸ ಜಾರಿನ ಹೆಸರು ಕೊಟ್ಟರೆ ಕಂಪೈಲ್ ಆದ ಕ್ಲಾಸುಗಳ ಒಳಗೇ ಹೆಸರು ಬದಲಿಸಿ ಕೊಡುತ್ತದೆ. ಕೆಲವು ಸೆಕೆಂಡಿನ ಕೆಲಸ. ಹೊಸ ಜಾರ್ ಹಾಕಿದೆ. 23 ಸೆಕೆಂಡ್, ಸ್ಪ್ರಿಂಗಿನ ಚಿತ್ರ, ಲಾಗಿನ್ ಪುಟ.

ಇಲ್ಲಿಗೆ ಮುಗಿಯಿತು ಅಂತ ಕಾಫಿ ಕುಡಿದೆವು. ಮಂಗಳವಾರ ಟೆಸ್ಟಿಂಗ್ ನೋಡುವ ಮೇಡಂ ಕರೆದರು.

"ಇಲ್ಲಿ ಮೈನಸ್ ಐದು ಬೇರಿಂಗ್ ಬಂದಿದೆ ಅಂತ ಸೇವ್ ಆಗಿದೆ, ನೋಡಿ ಸ್ವಲ್ಪ."

ಹಳೆಯದರಲ್ಲಿ ಹಾಗೆ ಹಾಕಿದರೆ ಸಂಖ್ಯೆ ಒಂದಕ್ಕಿಂತ ಜಾಸ್ತಿ ಇರಬೇಕು ಅಂತ ಕೆಂಪಕ್ಷರದಲ್ಲಿ ಬರುತ್ತಿತ್ತು. ಈಗ ಏನೂ ಇಲ್ಲ, ಸೇವ್. ಲಾಗ್ ನೋಡಿದರೆ ಮತ್ತೆ ಅದೇ ಮೌನ. ಈ ಸಲ ನನಗೆ ಎಲ್ಲಿ ನೋಡಬೇಕು ಅಂತ ಗೊತ್ತಿತ್ತು. ವಾರಿನ ಲಿಬ್ ಫೋಲ್ಡರಿನ ಪಟ್ಟಿ ತೆಗೆದೆ. ವ್ಯಾಲಿಡೇಶನ್ (ಹಾಕಿದ ಮಾಹಿತಿಯ ತಪಾಸಣೆ) ಅಂತ ಎರಡು ಜಾರ್, ಅಕ್ಕಪಕ್ಕ. ಒಂದು ಜಕಾರ್ತಾದ 3.0, ಇನ್ನೊಂದು ಜಾವಾಎಕ್ಸಿನ 2.0.1. ಫಾರ್ಮುಗಳ ಕ್ಲಾಸೆಲ್ಲ ನಮ್ಮ ಇನ್ನೊಂದು ಕಾಮನ್ ಜಾರಿನಲ್ಲಿವೆ, ಅದು ಬೇರೆ ಪ್ರಾಜೆಕ್ಟು, ಅದನ್ನು ನಾನು ಹೊಸದಾಗಿ ಬಿಲ್ಡ್ ಮಾಡಿರಲಿಲ್ಲ. ಅಲ್ಲಿನ ಕ್ಲಾಸುಗಳ ಮೇಲೆ ಹಳೆ ಹೆಸರಿನ ಅನೊಟೇಶನ್ (ಈ ಸಂಖ್ಯೆ ಇಷ್ಟಿರಬೇಕು ಅನ್ನುವ ಥರದ ಗುರುತು), ತಪಾಸಣೆ ಮಾಡುವವನು ಹುಡುಕುವುದು ಹೊಸ ಹೆಸರಿನದು. ಹಳೆ ಜಾರೂ ಜೊತೆಗೇ ಬಂದಿದ್ದರಿಂದ ಕಂಪೈಲ್ ಸಲೀಸಾಗಿ ಆಗಿತ್ತು. 404ಕ್ಕಿಂತ ಇದು ನನಗೆ ಜಾಸ್ತಿ ಹೆದರಿಕೆ ತಂದಿತು. ಪುಟ ಬರದಿದ್ದರೆ ಯಾರಾದರೂ ಫೋನ್ ಮಾಡುತ್ತಾರೆ. ಸ್ಟಾಕು ಮೈನಸ್ ಆದರೆ ವರ್ಷದ ಕೊನೆಯ ಲೆಕ್ಕದವರೆಗೂ ಯಾರೂ ಮಾಡೋದಿಲ್ಲ. ಕಾಮನ್ ಜಾರ್ ಬದಲಿಸಿ, ಹಳೆ ವ್ಯಾಲಿಡೇಶನ್ ಮತ್ತೆ ಯಾರ ಜೊತೆಯಲ್ಲಾದರೂ ಒಳಗೆ ಬಂದರೆ ಬಿಲ್ಡೇ ನಿಲ್ಲುವ ಹಾಗೆ ಬಿಲ್ಡ್ ಮಾಡುವ ಟೂಲ್ ಮೇವೆನಿನಲ್ಲಿ ನಿಯಮ ಹಾಕಿದೆ.

ಗುರುವಾರ ಬೆಳಿಗ್ಗೆ ಲೈವ್ ಹೋದೆವು. ಹತ್ತು ಗಂಟೆಗೆ ಗೋಡೌನಿನಿಂದ ಫೋನ್, ಬಾರ್‌ಕೋಡ್ ಸ್ಕ್ಯಾನರ್ ಯಾವುದೂ ಕೆಲಸ ಮಾಡುತ್ತಿಲ್ಲ, ಸ್ಕ್ಯಾನ್ ಮಾಡಿದರೆ 404 ಅಂತ ತೋರಿಸುತ್ತಿದೆ. ಅಣ್ಣ ನನ್ನ ಮುಖ ನೋಡಿದರು. ನಾನು ಸ್ಕ್ಯಾನರ್ ಕರೆಯುವ ವಿಳಾಸವನ್ನು ಇಲ್ಲಿಂದಲೇ ಹೊಡೆದು ಉತ್ತರ ನೋಡಿದೆ. ಕೆಳಗೆ ಟಾಮ್‌ಕ್ಯಾಟಿನ ಹೆಸರಿರುವ ಆ ಬಿಳಿ ಪುಟ ಅಲ್ಲ, ಸಮಯ, ಸ್ಟೇಟಸ್, ದಾರಿ ಅಂತ ಬರೆದ ಚಿಕ್ಕ ಜೇಸನ್ ಪಠ್ಯ. ಅದು ಸ್ಪ್ರಿಂಗ್ ಕೊಟ್ಟ 404.

"ಅಣ್ಣ, ಇದು ಬೇರೆ 404. ಟಾಮ್‌ಕ್ಯಾಟ್ ಸರಿಯಾಗಿದೆ."

"404ರಲ್ಲೂ ಒಳ್ಳೇದು ಕೆಟ್ಟದ್ದು ಇರುತ್ತಾ?"

ದಾರಿ ನೋಡಿದೆ. ಸ್ಕ್ಯಾನರಿನ ಆಪ್ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ ಕಳಿಸುತ್ತಿತ್ತು. ಹಳೆ ಸ್ಪ್ರಿಂಗ್ ಗೆರೆ ಇದ್ದರೂ ಇಲ್ಲದಿದ್ದರೂ ಒಂದೇ ಅಂದುಕೊಳ್ಳುತ್ತಿತ್ತು, 6ರಿಂದ ಅದನ್ನು ಬೇರೆ ವಿಳಾಸ ಅಂತ ನೋಡುತ್ತದೆ. ಸ್ಕ್ಯಾನರ್ ಆಪ್ ನಮ್ಮದಲ್ಲ, ಬದಲಿಸೋಕೆ ಆಗೋದಿಲ್ಲ. ಆ ಮೂರು ಮೆಥಡ್ಡುಗಳಿಗೆ ಗೆರೆ ಇರುವ ವಿಳಾಸವನ್ನೂ ಸೇರಿಸಿ ಬಿಲ್ಡ್ ಕೊಟ್ಟೆ. ಹನ್ನೊಂದೂವರೆಗೆ ಗೋಡೌನಿನವರು ಫೋನ್ ಕಿವಿಯಲ್ಲಿಟ್ಟುಕೊಂಡೇ ಒಂದು ಡಬ್ಬ ಸ್ಕ್ಯಾನ್ ಮಾಡಿದರು. ಬೀಪ್ ಅಂದಿದ್ದು ಇಲ್ಲಿಗೂ ಕೇಳಿಸಿತು.

ಟಾಮ್‌ಕ್ಯಾಟ್ 9ರ ಫೋಲ್ಡರ್ ಇನ್ನೂ ಸರ್ವರಿನಲ್ಲಿದೆ, ಸರ್ವಿಸ್ ಮಾತ್ರ ನಿಲ್ಲಿಸಿದ್ದಾರೆ. ಅಳಿಸಲಾ ಅಂತ ಅಣ್ಣ ಎರಡು ಸಲ ಕೇಳಿದರು. ತಿಂಗಳ ಸ್ಟಾಕ್ ಲೆಕ್ಕ ಒಂದು ಸಲ ಮುಗಿಯಲಿ ಅಣ್ಣ ಅಂದಿದ್ದೇನೆ.